ತೀರ್ಪಿನ ದೋಷವೂ ತಡೆಯಾಜ್ಞೆಯ ಧರ್ಮವೂ

ನ್ಯಾಯ ಹೇಳುವವನೂ ಮನುಷ್ಯನೇ ಆದುದರಿಂದ ವ್ಯವಹಾರದಲ್ಲಿ, ಎಂದರೆ ನ್ಯಾಯಸ್ಥಾನದ ನಡವಳಿಕೆಯಲ್ಲಿ, ದೋಷ ನುಸುಳುವುದು ಸಹಜವೆಂದು ಒಪ್ಪಿದ ಮೇಲೆ, ಆ ದೋಷದ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆ ಧರ್ಮಶಾಸ್ತ್ರಕ್ಕೂ ಇಂದಿನ ಕಾನೂನಿಗೂ ಒಂದೇ ರೀತಿಯಲ್ಲಿ ಎದುರಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ಯಾಜ್ಞವಲ್ಕ್ಯ ಸ್ಮೃತಿಯು, ರಾಜನು ಛಲವನ್ನು ಬದಿಗಿಟ್ಟು ಭೂತವನ್ನು ಹಿಡಿದು ನಿರ್ಣಯಿಸಬೇಕೆನ್ನುತ್ತದೆ. ಇಲ್ಲಿ ಛಲವೆಂದರೆ ಎಚ್ಚರತಪ್ಪಿ ಆಡಿದ ಮಾತು, ಭೂತವೆಂದರೆ ನಡೆದ ಸಂಗತಿ. ಜಮೀನು, ಸಾಲ ಮೊದಲಾದ ಅರ್ಥವಿವಾದಗಳಲ್ಲಿ ಬಾಯಿತಪ್ಪಿದವನಿಗೆ ದಂಡ ಬಿದ್ದರೂ ಅವನ ಹಕ್ಕು ನಷ್ಟವಾಗದೆಂಬುದು ನಾರದನ ಮತ. ಆದರೆ ಸತ್ಯವೇ ಆದರೂ ಮುಂದಿಡದಿದ್ದರೆ ಅದು ಸೋಲುತ್ತದೆಂದು ಯಾಜ್ಞವಲ್ಕ್ಯನು ಅದೇ ಉಸಿರಿನಲ್ಲಿ ಹೇಳುವುದರಿಂದ, ಸ್ಮೃತಿಯ ಕ್ಷಮೆಗೂ ಒಂದು ಎಲ್ಲೆಯಿದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 99ನೆಯ ಕಲಮು ಹೆಚ್ಚುಕಡಿಮೆ ಇದೇ ಜಾಡಿನದು: ದಾವೆಯ ಗುಣಾವಗುಣವನ್ನಾಗಲಿ ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನಾಗಲಿ ತಟ್ಟದ ಲೋಪಕ್ಕಾಗಿ ಮೇಲ್ಮನವಿಯಲ್ಲಿ ಡಿಕ್ರಿಯನ್ನು ರದ್ದುಪಡಿಸುವಂತಿಲ್ಲ. ರಾವಂದೂರು ಹೋಬಳಿಯ ಒಂದು ಹೊಗೆಸೊಪ್ಪಿನ ಹೊಲದ ಪಾಲಿಗಾಗಿ ದಾವೆ ನಡೆದಿದೆಯೆಂದು ಭಾವಿಸಿದರೆ, ದಾಖಲೆಗೆ ಗುರುತು ಹಾಕುವಲ್ಲಾದ ಕ್ರಮಭಂಗವು ಈ ಕ್ಷಮೆಗೆ ಒಳಪಡಬಹುದು. ಪಾಲಿಗೆ ಹಕ್ಕುಳ್ಳ ಹೆಣ್ಣುಮಗಳನ್ನೇ ಪಕ್ಷಕಾರಳಾಗಿ ಸೇರಿಸದಿದ್ದರೆ ಒಳಪಡದು, ಏಕೆಂದರೆ ಅವಶ್ಯಕ ಪಕ್ಷಕಾರರನ್ನು ಬಿಟ್ಟ ದೋಷಕ್ಕೆ ಈ ಕಲಮು ಅನ್ವಯಿಸದೆಂದು 1976ರ ತಿದ್ದುಪಡಿ ಸ್ಪಷ್ಟಪಡಿಸಿದೆ. ತನ್ನ ಮಾತನ್ನು ಕೇಳಿಸಿಕೊಳ್ಳದೆಯೇ ತನ್ನ ಹಕ್ಕನ್ನು ತೀರ್ಮಾನಿಸಿದರೆಂಬ ದೋಷವನ್ನು ನಿರಪಾಯವೆನ್ನಲು ಯಾವ ಧರ್ಮವೂ ಒಪ್ಪದು.

ಕ್ಷಮೆಯ ಪ್ರಶ್ನೆಗಿಂತ ಕಾಲದ ಪ್ರಶ್ನೆ ಜಟಿಲವಾದುದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ, ಎಂದರೆ ಜಾರಿಯ ಕಾರ್ಯ, ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕಾದವನು ತನಗೆ ಗಣನೀಯ ನಷ್ಟವಾಗುವುದನ್ನು ತೋರಿಸಬೇಕು, ತಡಮಾಡದೆ ಅರ್ಜಿ ಹಾಕಿರಬೇಕು, ಕೊನೆಗೆ ಸೋತರೆ ಡಿಕ್ರಿಯನ್ನು ಪಾಲಿಸುವುದಕ್ಕೆ ಭದ್ರತೆಯನ್ನೂ ಕೊಡಬೇಕೆಂದು 41ನೆಯ ಆದೇಶದ 5ನೆಯ ನಿಯಮ ವಿಧಿಸುತ್ತದೆ. ಜಾರಿಯಾದ ಮೇಲೆ ಡಿಕ್ರಿ ರದ್ದಾದರೆ, ಕಳೆದುಕೊಂಡವನನ್ನು ಹಿಂದಿನ ಸ್ಥಿತಿಗೆ ತರುವ ಪ್ರತ್ಯರ್ಪಣೆಯ ದಾರಿ 144ನೆಯ ಕಲಮಿನಲ್ಲಿದೆ. ಹಣಕ್ಕೆ ಈ ಲೆಕ್ಕ ಸಲ್ಲುತ್ತದೆ, ಭೂಮಿಗೆ ಅಷ್ಟಾಗಿ ಸಲ್ಲದು. ಗೆದ್ದವನ ಹೊಲದಲ್ಲಿ ಸೋತವನೇ ಸಸಿ ನೆಟ್ಟು, ಸೊಪ್ಪು ಮುರಿದು, ಬ್ಯಾರನ್ನಿನಲ್ಲಿ ಹದಮಾಡಿ ಹರಾಜಿಗೆ ಒಯ್ಯುತ್ತಿರುವಾಗ, ಆ ಆದಾಯವನ್ನು ಮುಂದೆಂದೋ ಬಡ್ಡಿಸಮೇತ ಕಟ್ಟಿಸಬಹುದಾದರೂ, ತನ್ನ ನೆಲವನ್ನು ತಾನೇ ಉಳುವ ವಯಸ್ಸು ಡಿಕ್ರಿದಾರನಿಗೆ ಮರಳಿ ಬಾರದು. ನ್ಯಾಯಾಧೀಶನ ಲೋಪವನ್ನು ಇಷ್ಟು ಸೂಕ್ಷ್ಮವಾಗಿ ತೂಗುವ ಶಾಸ್ತ್ರವು ವಿಳಂಬವನ್ನು ದೋಷದ ಪಟ್ಟಿಗೇ ಸೇರಿಸದಿರುವುದು ಅದರ ದೊಡ್ಡ ಕೊರತೆಯೆನ್ನಬೇಕು.

ಭಾರತದಲ್ಲಿ ದಾವೆದಾರನ ಕಷ್ಟ ಡಿಕ್ರಿ ದೊರೆತ ಮೇಲೆ ಶುರುವಾಗುತ್ತದೆಂಬುದನ್ನು ಪ್ರಿವಿ ಕೌನ್ಸಿಲ್ 19ನೆಯ ಶತಮಾನದಲ್ಲೇ ಗಮನಿಸಿತ್ತು. ಬೆಂಗಳೂರಿನ ಭೂವ್ಯಾಜ್ಯವೊಂದನ್ನು 2021ರ ಏಪ್ರಿಲ್‌ನಲ್ಲಿ ತೀರ್ಮಾನಿಸುತ್ತಾ ಸರ್ವೋಚ್ಚ ನ್ಯಾಯಾಲಯವು, ಅಮಲ್ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು, ಆಗದಿದ್ದರೆ ಕಾರಣವನ್ನು ಬರೆದಿಡಬೇಕು ಎಂದಿತು. ಅದಕ್ಕೂ ಮುಂಚೆ, 2018ರಲ್ಲಿ, ವಿಚಾರಣೆಗೆ ಒಡ್ಡಿದ ತಡೆಯಾಜ್ಞೆಗಳು ಆರು ತಿಂಗಳ ಬಳಿಕ ತಾವಾಗಿಯೇ ಬಿದ್ದುಹೋಗಬೇಕೆಂದು ಅದೇ ನ್ಯಾಯಾಲಯ ವಿಧಿಸಿತ್ತಾದರೂ, ನ್ಯಾಯಾಲಯದ ಸ್ವಂತ ವಿಳಂಬಕ್ಕಾಗಿ ತಪ್ಪಿಲ್ಲದ ಪಕ್ಷಕಾರನಿಂದ ಆಜ್ಞೆಯನ್ನು ಕಸಿಯುವುದು ಅನ್ಯಾಯವೆಂದು 2024ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ವಿಧಿಯನ್ನು ತೆಗೆದುಹಾಕಿತು. ಈ ತರ್ಕ ಸರಿಯೇ. ಆದರೆ ಅದೇ ವಿಳಂಬದಿಂದ ನೊಂದ ಡಿಕ್ರಿದಾರನೂ ತಪ್ಪಿಲ್ಲದವನೇ ಆಗಿರುವುದರಿಂದ, ತಡೆ ಕೊಡುವ ದಿನವೇ ಭದ್ರತೆಯ ಮೊತ್ತವನ್ನು ಕಳೆದುಹೋಗುವ ಪೈರುಗಳ ಲೆಕ್ಕದಲ್ಲಿ ಗೊತ್ತುಮಾಡುವುದೂ, ಮೇಲ್ಮನವಿಯನ್ನು ಬೇಗ ಆಲಿಸುವುದೂ ಅವನಿಗೆ ತೋರುವ ಕೃಪೆಯಲ್ಲ, ಸಲ್ಲಬೇಕಾದ ಬಾಕಿ.