ತಪ್ಪು ಮಾಡಿದವರನ್ನೂ ಕಾಯುವ ಸ್ವಿಚ್ಚು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಬ್ಬ ಹುಡುಗನಿಗೆ ಕರೆಂಟು ಹೊಡೆಯಿತು. ಅವನಿಗೆ ಏನೂ ಆಗಲಿಲ್ಲ, ಮರುದಿನ ಕೆಲಸಕ್ಕೂ ಬಂದ. ಆದರೆ ಒಂದು ಪ್ರಶ್ನೆ ಮಾತ್ರ ಅವತ್ತಿನಿಂದ ನನ್ನ ಜೊತೆಗೇ ಇದೆ. ಏನೂ ಆಗಲಿಲ್ಲ ಎಂದಮೇಲೆ ನಾನು ಮಾಡಿದ್ದು ತಪ್ಪೂ ಅಲ್ಲವೇ?

ಪುಣೆಗೆ ಬಂದು ಹದಿನೇಳು ವರ್ಷವಾಯಿತು. ವಾರವಿಡೀ ಬೇರೆಯವರ ಗಡುವುಗಳನ್ನು ಎಕ್ಸೆಲ್ ಹಾಳೆಯಲ್ಲಿ ಅತ್ತಿತ್ತ ಸರಿಸುವ ಕೆಲಸ. ಭಾನುವಾರವಾದರೂ ಕೈಗೆ ಸಿಗುವಂಥದ್ದೇನಾದರೂ ಮಾಡೋಣವೆಂದು ಕಾರನ್ನು ರಸ್ತೆ ಬದಿಗೆ ಹಾಕಿ, ಗ್ಯಾರೇಜನ್ನು ಮರಗೆಲಸಕ್ಕೆ ಮಾಡಿಕೊಂಡೆ. ಒಂದು ಡ್ರಿಲ್, ಒಂದು ಸಣ್ಣ ಟೇಬಲ್ ಸಾ, ಹಳೇ ಸಾಮಾನಿನ ಅಂಗಡಿಯಿಂದ ತಂದ ಕಬ್ಬಿಣದ ಮೈಯ ಬೆಂಚ್ ಗ್ರೈಂಡರ್. ಇಷ್ಟೇ ನನ್ನ ಆಸ್ತಿ.

ಜುಲೈ ಬಂತು, ಗೋಡೆ ಬೆವರತೊಡಗಿತು. ಗ್ರೈಂಡರ್ ಹಾಕಿದಾಗೆಲ್ಲ ಆರ್‌ಸಿಸಿಬಿ ಟ್ರಿಪ್ ಆಗಿ ಇಡೀ ಮನೆ ಕತ್ತಲು. ಫ್ರಿಜ್ ನಿಂತಿತು, ಮಗಳ ಆನ್‌ಲೈನ್ ಪರೀಕ್ಷೆ ನಿಂತಿತು, ಹೆಂಡತಿಯ ಸಹನೆಯೂ ಮುಗಿಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಡೈರೆಕ್ಟ್ ಕರ್ ದೇತಾ ಹೂಂ ಸಾಬ್, ಝಂಝಟ್ ಖತಮ್" ಅಂದ. ಗ್ಯಾರೇಜಿನ ಲೈನನ್ನು ಆರ್‌ಸಿಸಿಬಿ ದಾಟಿಸಿ ನೇರವಾಗಿ ಎಂಸಿಬಿಗೆ ಕೊಟ್ಟ. ನಾನು ಹೂಂ ಅಂದೆ.

ಹೂಂ ಅಂದವನು ಎಂಟೆಕ್ ಓದಿದವನು. ಆ ಎರಡು ಸ್ವಿಚ್ಚುಗಳ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಎಂಸಿಬಿ ಕಾಯುವುದು ತಂತಿಯನ್ನು. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟು ಹರಿದಾಗಷ್ಟೇ ಬೀಳುತ್ತದೆ. ಮನುಷ್ಯನ ಎದೆಯ ಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಅಷ್ಟು ಅದರ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೂ, ಎಲ್ಲೋ ದಾರಿ ತಪ್ಪಿದೆ, ಯಾರದೋ ಮೈಯಲ್ಲಿ ಹರಿಯುತ್ತಿರಬಹುದು ಎಂದು ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಿಬಿಡುತ್ತದೆ. ನಮ್ಮದು ಸುಮ್ಮಸುಮ್ಮನೆ ಬೀಳುತ್ತಿರಲಿಲ್ಲ. ಗ್ರೈಂಡರಿನ ಹಳೆಯ ವೈಂಡಿಂಗ್ ತೇವಕ್ಕೆ ನಿಜವಾಗಿಯೂ ಸೋರುತ್ತಿತ್ತು. ನಾನು ನಿಲ್ಲಿಸಿದ್ದು ಸೋರಿಕೆಯನ್ನಲ್ಲ, ಅದನ್ನು ಹೇಳುತ್ತಿದ್ದವನ ಬಾಯನ್ನು.

ಮೂರು ವಾರ ಏನೂ ಆಗಲಿಲ್ಲ. ಗ್ರೈಂಡರಿಗೆ ಮೂರು ಪಿನ್ನಿನ ಪ್ಲಗ್ ಇತ್ತು. ಸೋರಿದ್ದು ಅರ್ಥ್ ತಂತಿ ಹಿಡಿದು ನೆಲಕ್ಕೆ ಹೋಗುತ್ತಿತ್ತು, ನನ್ನ ಕೈಗೆ ತಾಗುತ್ತಿರಲಿಲ್ಲ.

ಆಮೇಲೆ ಅಡುಗೆಮನೆಯ ಕಪಾಟಿಗೆಂದು ಬಡಗಿಯನ್ನು ಕರೆಸಿದೆವು. ಅವನ ಜೊತೆ ಹತ್ತೊಂಬತ್ತರ ಹುಡುಗನೊಬ್ಬ. ನಮ್ಮ ದೇಶದ ಯಾವ ಊರಿಗೆ ಹೋದರೂ ಕಾಣುವ ದೃಶ್ಯ: ಪ್ಲಗ್ಗೇ ಇಲ್ಲದ ಎರಡೆಳೆ ತಂತಿ, ಸುಲಿದ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸುವುದು, ಇನ್ನೊಂದು ತುದಿಗೆ ಹಲಗೆಗೆ ಹೊಡೆದ ಬೋರ್ಡು. ಉಳಿ ಮಸೆಯಲು ಹುಡುಗ ನನ್ನ ಗ್ರೈಂಡರನ್ನು ಹೊರಗೆಳೆದ, ವೈರು ಸಾಲದೆ ತನ್ನ ಬೋರ್ಡಿಗೆ ಹಾಕಿದ. ಬೋರ್ಡಿನಲ್ಲಿ ಅರ್ಥ್ ಇಲ್ಲ, ಲೈನಿನಲ್ಲಿ ಆರ್‌ಸಿಸಿಬಿ ಇಲ್ಲ, ನೆಲ ಒದ್ದೆ. ಶಬ್ದ ಕೇಳಿ ನಾನು ಓಡಿಬಂದಾಗ ಅವನು ಗೋಡೆಗೆ ಒರಗಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಕುಛ್ ನಹೀ ಸಾಬ್, ಹೋತಾ ರಹತಾ ಹೈ" ಅಂದ. ಆಸ್ಪತ್ರೆಗೆ ಕರೆದೊಯ್ದೆ, ಇಸಿಜಿ ಸರಿಯಾಗಿತ್ತು. ಆದರೆ ಅವನ ಆ ಮಾತು ಕೇಳಿದ ಕ್ಷಣ ನನಗೆ ಮೊದಲು ಅನಿಸಿದ್ದು ಸಮಾಧಾನ. ಈಗಲೂ ನನಗೆ ನಾಚಿಕೆಯಾಗುವುದು ಅದಕ್ಕೆ.

ರಾತ್ರಿ ಮಲಗಿದಲ್ಲೇ, ಆಫೀಸಿನ ಅಭ್ಯಾಸಬಲದಿಂದ, ಮೂಲಕಾರಣ ವಿಶ್ಲೇಷಣೆ ಶುರುವಾಯಿತು. ಬೋರ್ಡು ಅವರದು. ಬೈಪಾಸ್ ಮಾಡಿದವನು ಎಲೆಕ್ಟ್ರಿಷಿಯನ್. ಕೇಳದೆ ಗ್ರೈಂಡರ್ ಮುಟ್ಟಿದವನು ಹುಡುಗ. ಹೀಗೆ ಹಂಚುತ್ತ ಹೋದರೆ ನನ್ನ ಪಾಲಿಗೆ ಉಳಿಯುವುದು ಕಾಲು ಭಾಗವೂ ಅಲ್ಲ. ತಪ್ಪೆಂಬುದು ಹೋಟೆಲ್ ಬಿಲ್ಲಿನಂತೆ ಹಂಚಿಕೊಳ್ಳುವ ವಸ್ತುವಲ್ಲ ಅನ್ನಿಸಿತು ಆಗ. ಆ ನಾಲ್ವರಲ್ಲಿ ಆ ಸ್ವಿಚ್ಚು ಯಾಕಿದೆ ಎಂದು ಪೂರ್ತಿ ತಿಳಿದಿದ್ದವನು ನಾನೊಬ್ಬನೇ. ಬೇಡ ಎನ್ನುವ ಅಧಿಕಾರವಿದ್ದವನೂ ನಾನೇ. ದಿನಗೂಲಿಯ ಹುಡುಗ "ನಿಮ್ಮ ಮನೆಯ ವೈರಿಂಗ್ ತೋರಿಸಿ, ಆಮೇಲೆ ಕೆಲಸ" ಅನ್ನುವುದುಂಟೇ? ಅವನ "ಹೋತಾ ರಹತಾ ಹೈ" ಒಪ್ಪಿಗೆಯಲ್ಲ, ಅದು ರೂಢಿ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 'ನೈತಿಕ ಅದೃಷ್ಟ'ದ ಪ್ರಶ್ನೆ ಎತ್ತಿದರು. ಇಬ್ಬರು ಒಂದೇ ಬಗೆಯ ಅಜಾಗರೂಕತೆ ತೋರುತ್ತಾರೆ. ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನದಕ್ಕೆ ಬರುವುದಿಲ್ಲ. ಒಬ್ಬನು ಕೊಲೆಗಾರನೆನಿಸಿಕೊಳ್ಳುತ್ತಾನೆ, ಇನ್ನೊಬ್ಬ ಮನೆಗೆ ಹೋಗಿ ಊಟ ಮಾಡುತ್ತಾನೆ. ನಾನು ಆ ಎರಡನೆಯವನು. ಆ ರಾತ್ರಿ ಊಟವನ್ನೂ ಮಾಡಿದೆ. ಹುಡುಗ ಬದುಕಿದ್ದರಲ್ಲಿ ನನ್ನ ಒಳ್ಳೆಯತನದ್ದೇನೂ ಇಲ್ಲವಾದ್ದರಿಂದ, ಅವನು ಬದುಕಿದ್ದನ್ನೇ ನನ್ನ ಪರವಾಗಿ ಸಾಕ್ಷಿ ಕರೆಯುವಂತಿಲ್ಲ.

ಹುಡುಗನದೂ ತಪ್ಪಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಆರ್‌ಸಿಸಿಬಿ ಇರುವುದೇ ತಪ್ಪು ಮಾಡಿದವರಿಗಾಗಿ. ಅರ್ಥ್ ಪಿನ್ ಕಾಯುವುದು ನಿಯಮ ಪಾಲಿಸಿದವನನ್ನು. ನಿಯಮ ಮೀರಿದವನಿಗೆ, ನಿಯಮವೇ ಗೊತ್ತಿಲ್ಲದವನಿಗೆ, ಒದ್ದೆ ಕಾಲಿನ ಮಗುವಿಗೆ ಕೊನೆಯ ಆಸರೆ ಆ ಪುಟ್ಟ ಸ್ವಿಚ್ಚು. ಏಟನ್ನು ಅದು ಪೂರ್ತಿ ತಪ್ಪಿಸಲಾರದು, ಆದರೆ ಎಣಿಸುವ ಮೊದಲೇ ಮುಗಿಸುತ್ತದೆ. ಬೇರೆಯವರ ತಪ್ಪಿಗೆ ಇದ್ದ ಆ ಕ್ಷಮೆಯನ್ನು ನಾನು ನನ್ನ ಭಾನುವಾರದ ಅನುಕೂಲಕ್ಕಾಗಿ ಕಿತ್ತುಹಾಕಿದ್ದೆ.

ಸಾಗರದ ಕಡೆಯ ನಮ್ಮ ತೋಟದಲ್ಲಿ ಪಂಪ್‌ಸೆಟ್ಟಿನ ಪಕ್ಕ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಯಿತ್ತು. ಬೇಸಿಗೆಯಲ್ಲಿ ಅಪ್ಪಯ್ಯ, "ತಮಾ, ಒಂದು ಕೊಡ ನೀರು ಹೊಯ್ದು ಬಾ" ಎಂದು ಕಳಿಸುತ್ತಿದ್ದರು. ನೆಲ ಒಣಗಿದರೆ ಕರೆಂಟಿಗೆ ಇಳಿಯಲು ದಾರಿ ಸಿಗದು ಎಂಬ ವಿವರಣೆ ಅವರಿಂದ ನಾನೆಂದೂ ಕೇಳಲಿಲ್ಲ. ಆಳುಗಳು ಬರಿಗಾಲಲ್ಲಿ ಮೋಟರು ಹಾಕುತ್ತಾರಲ್ಲ ಎಂದಷ್ಟೇ ಹೇಳುತ್ತಿದ್ದರು.

ಈಗ ಗ್ಯಾರೇಜಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯ ಪ್ರತ್ಯೇಕ ಲೈನಿದೆ, ಅದರದೇ ಆರ್‌ಸಿಸಿಬಿ ಇದೆ. ಅದು ಬಿದ್ದರೆ ಮನೆ ಕತ್ತಲಾಗುವುದಿಲ್ಲ. ಗ್ಯಾರೇಜಿನ ದೀಪವೂ ಬೇರೆ ಲೈನಿನದು, ಇನ್ನೂ ತಿರುಗುತ್ತಿರುವ ಗರಗಸದ ಮುಂದೆ ಕತ್ತಲಲ್ಲಿ ನಿಲ್ಲುವುದು ಬೇಡವೆಂದು. ಗ್ರೈಂಡರಿಗೆ ಹೊಸ ವೈಂಡಿಂಗ್ ಆಗಿದೆ. ಮಾಡಬೇಕಿದ್ದುದು ಮೊದಲೇ ಇಷ್ಟೇ ಆಗಿತ್ತು. ಎರಡು ದಿನದ ಕೆಲಸ. ಗೋಡೆಯ ಮೊಳೆಗೆ ಮೂರು ಪಿನ್ನಿನ ದಪ್ಪ ಎಕ್ಸ್‌ಟೆನ್ಶನ್ ನೇತುಹಾಕಿದ್ದೇನೆ. ಯಾರೇ ಕೆಲಸಕ್ಕೆ ಬಂದರೂ ಮೊದಲು ಅದನ್ನು ಕೈಗೆ ಕೊಡುತ್ತೇನೆ. ಬಡಗಿ ನಗುತ್ತಾನೆ, ತೆಗೆದುಕೊಳ್ಳುತ್ತಾನೆ.

ತಿಂಗಳ ಮೊದಲ ಭಾನುವಾರ ಎರಡೂ ಆರ್‌ಸಿಸಿಬಿಗಳ ಟೆಸ್ಟ್ ಗುಂಡಿ ಒತ್ತುತ್ತೇನೆ. ಟಕ್ಕೆಂದು ಮನೆ ಸ್ತಬ್ಧವಾಗುತ್ತದೆ. ಒಳಗಿನಿಂದ ಹೆಂಡತಿ ಕೂಗುತ್ತಾಳೆ, "ಮತ್ತೆ ಶುರು ಮಾಡಿದ್ರಾ?"