ಆ ಊರಿನವರೇ ಹಾಗೆ

ಒಬ್ಬರನ್ನು ಕಾಣದೆ, ಮಾತನಾಡಿಸದೆ ಅವರ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು ತಪ್ಪೇ? ಮನಸ್ಸಿನಲ್ಲಿ ಏನಿದ್ದರೆ ಯಾರಿಗೇನು ನಷ್ಟ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅಂಥ ಅಭಿಪ್ರಾಯದ ಬಿಸಿ ತಾಗಿಸಿಕೊಂಡವರಿಗೆ ಅದು ಹಗುರವಾದ ಸಂಗತಿಯಲ್ಲ.

1948ರಲ್ಲಿ, ಎರಡನೇ ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ, ಯುನೆಸ್ಕೋ ಸಂಸ್ಥೆ ಒಂಬತ್ತು ದೇಶಗಳಲ್ಲಿ ಒಂದು ಸಮೀಕ್ಷೆ ಮಾಡಿಸಿತು. ಶ್ರಮಜೀವಿಗಳು, ಧೈರ್ಯವಂತರು, ಉದಾರಿಗಳು, ಕ್ರೂರಿಗಳು, ಹಿಂದುಳಿದವರು ಎಂಬಂಥ ಗುಣವಾಚಕಗಳ ಪಟ್ಟಿ ಕೊಟ್ಟು, ಯಾವುದು ಯಾವ ದೇಶದವರಿಗೆ ಒಪ್ಪುತ್ತದೆ ಎಂದು ಜನರನ್ನು ಕೇಳಿದರು. ಬುಕಾನನ್ ಮತ್ತು ಕ್ಯಾಂಟ್ರಿಲ್ ಎಂಬ ವಿದ್ವಾಂಸರು 1953ರಲ್ಲಿ ಇದನ್ನು ಪುಸ್ತಕವಾಗಿ ತಂದರು. ಜನ ತಮ್ಮವರಿಗೆ ಬಹುಪಾಲು ಒಳ್ಳೆಯ ಮಾತುಗಳನ್ನೇ ಆರಿಸಿಕೊಂಡಿದ್ದರು. ಅಮೆರಿಕದವರ ಕಣ್ಣಿಗೆ, ಯುದ್ಧದಲ್ಲಿ ಜೊತೆಗಿದ್ದಾಗ ರಷ್ಯನ್ನರು ಧೈರ್ಯವಂತರಾಗಿದ್ದರು. ಸ್ನೇಹ ಕೆಟ್ಟ ಮೇಲೆ ಕ್ರೂರಿಗಳಾದರು. ಕೆಲವೇ ವರ್ಷಗಳಲ್ಲಿ ಒಂದು ದೇಶದ ಜನರ ಸ್ವಭಾವವೇ ಬದಲಾದೀತೆ? ಮೊದಲು ನಂಟು ಕೆಟ್ಟಿತು, ಆಮೇಲೆ ಗುಣ ಕೆಟ್ಟದಾಗಿ ಕಂಡಿತು, ಅಷ್ಟೆ.

ಇಂಥದ್ದಕ್ಕೆ ದೂರದೇಶಕ್ಕೇ ಹೋಗಬೇಕಾಗಿಲ್ಲ. ನನ್ನ ತವರು ಹರಿಹರ. 1956ರ ನವೆಂಬರ್ 1ರವರೆಗೆ ಅಲ್ಲಿ ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ರಾಜ್ಯ. ಎರಡೂ ದಡದವರು ಆಡುವುದು ಕನ್ನಡ, ಕುಡಿಯುವುದು ಅದೇ ಹೊಳೆಯ ನೀರು. ಆದರೂ 'ಆಚೆಯೋರು ಒರಟರು' ಎಂದು ಇವರು, 'ಈಚೆಯೋರದು ಬರೀ ಬಾಯಿ ನಯ' ಎಂದು ಅವರು. ನಮ್ಮ ಅಜ್ಜಿಯ ತಂಗಿಗೆ ಆಚೆ ದಡದಿಂದ ಬಂದ ಒಳ್ಳೆಯ ಸಂಬಂಧವೊಂದು ಈ ಒಂದು ಮಾತಿನಿಂದಲೇ ತಪ್ಪಿಹೋಯಿತಂತೆ. ಈಗ ಹರಿಹರದ ಎಷ್ಟೋ ಜನ ಆಚೆಯ ಕುಮಾರಪಟ್ಟಣಕ್ಕೆ ಸೇತುವೆ ದಾಟಿ ದುಡಿಯಲು ಹೋಗಿಬರುತ್ತಾರೆ. ಒಟ್ಟಿಗೆ ಕೂತು ಬುತ್ತಿ ಬಿಚ್ಚುವವರಿಗೆ ಒರಟು, ನಯ ಎಂಬ ಲೆಕ್ಕ ಎಷ್ಟು ದಿನ ಉಳಿದೀತು?

ನಾವು ಹೆಂಗಸರಂತೂ ಇಂಥ ಸಮೀಕ್ಷೆಗೆ ಒಳಗಾಗಿಯೇ ಗಂಡನ ಮನೆ ಸೇರಿದವರು. ಹರಿಹರದಿಂದ ದಾವಣಗೆರೆ ಹದಿನಾಲ್ಕು ಕಿಲೋಮೀಟರ್ ಅಷ್ಟೆ. ನಾನು ಇಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಸಾರಿಗೆ ಉಪ್ಪು ಹೆಚ್ಚಾದರೆ ನಮ್ಮತ್ತೆ, "ಹರಿಹರದೋರೇ ಹಿಂಗೆ ಕಣಮ್ಮ" ಎನ್ನುತ್ತಿದ್ದರು. ರೊಟ್ಟಿ ಚೆನ್ನಾಗಿ ಬಂದ ದಿನ ಮಾತ್ರ, "ನಮ್ಮ ಸೊಸೆ ಜಾಣೆ." ತಪ್ಪು ಊರಿನದು, ಜಾಣತನ ನನ್ನೊಬ್ಬಳದು! ಅತ್ತೆ ಕೆಟ್ಟವರೇನಲ್ಲ. ಲೋಕವೆಲ್ಲ ಬರೆಯುವ ಲೆಕ್ಕವನ್ನೇ ಅವರೂ ಬರೆದರು. ಬೇರೆಯವರಲ್ಲಿ ಒಬ್ಬ ಕೆಟ್ಟವನನ್ನು ಕಂಡರೆ ಅದು ಆ ಜನರ ಗುಣ. ಒಬ್ಬ ಒಳ್ಳೆಯವನನ್ನು ಕಂಡರೆ 'ಅವನೊಬ್ಬ ಹಾಗಲ್ಲ, ಬಿಡಿ.' ಈ ಲೆಕ್ಕ ಎಂದಾದರೂ ತಾಳೆಯಾಗುವುದುಂಟೆ?

ನಮ್ಮನ್ನು ನಾವು ಅಳೆಯುವ ಸೇರೂ ಬೇರೆ. ಅಮೆರಿಕದ ಪ್ಯೂ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಭಾರತದ ಪ್ರಭಾವ ಹೆಚ್ಚುತ್ತಿದೆ ಎಂದ ಭಾರತೀಯರು ನೂರಕ್ಕೆ ಸುಮಾರು 70. ಹೊರಗಿನ 19 ದೇಶಗಳಲ್ಲಿ ಹಾಗೆಂದವರ ಮಧ್ಯದ ಪ್ರಮಾಣ ನೂರಕ್ಕೆ 28 ಮಾತ್ರ. ಇದರಲ್ಲಿ ಯಾರು ಸರಿ ಎಂದು ನಾನು ಹೇಳಹೊರಟಿಲ್ಲ. ಕನ್ನಡಿ ತೋರುವ ಮುಖವೇ ಬೇರೆ, ಎದುರು ಮನೆಯವರು ಕಾಣುವ ಮುಖವೇ ಬೇರೆ ಎಂಬುದಷ್ಟೇ ನನ್ನ ಮಾತು.

ಇಂಥ ಸಮೀಕ್ಷೆಗಳಲ್ಲಿ ಒಂದಷ್ಟು ಜನ ಅಭಿಪ್ರಾಯವಿಲ್ಲ ಎನ್ನುತ್ತಾರೆ. ಅವರನ್ನು ಪಟ್ಟಿಯ ಕೊನೆಗೆ ತಳ್ಳಿರುತ್ತಾರೆ. ಮೇಷ್ಟರ ಕೆಲಸದಲ್ಲಿ ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ಕೊಡುವುದು ನಮ್ಮ ರೂಢಿ. ಆದರೆ 'ಆ ಜನ ಎಂಥವರು?' ಎಂಬ ಈ ಒಂದು ಪ್ರಶ್ನೆಗೆ 'ನನಗೆ ಗೊತ್ತಿಲ್ಲ, ನಾನವರನ್ನು ಕಂಡಿಲ್ಲ' ಎಂದವರಿಗೇ ನಾನು ಪೂರ್ತಿ ಅಂಕ ಕೊಟ್ಟೇನು.