ಕೆಲಸ ಕೇಳುವುದು ಬೇಡುವುದೇ?

ಹಗಲು ರೋಣದ ಶಾಲೆಯೊಂದರಲ್ಲಿ ಗುಮಾಸ್ತಿಕೆ, ರಾತ್ರಿ ಮನೆಯಲ್ಲಿ ಲಗ್ನಪತ್ರಿಕೆ, ಬ್ಯಾನರುಗಳ ಡಿಸೈನು. ಗಿರಾಕಿ ಹುಡುಕುತ್ತ ನರಗುಂದ, ಗಜೇಂದ್ರಗಡದ ಪ್ರಿಂಟಿಂಗ್ ಪ್ರೆಸ್ಸುಗಳ ಮೆಟ್ಟಿಲು ಹತ್ತುವಾಗಲೆಲ್ಲ ಈ ಪ್ರಶ್ನೆ ಕಾಡುತ್ತದೆ: ಕಾಯಕವನ್ನೇ ನಂಬಿದವನು ಕೆಲಸ ಕೊಡಿ ಎಂದು ಕೈಚಾಚಬಹುದೇ?

12ನೇ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ, ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕವಾಗಿಸಿ ಬದುಕಿದವನು. ಅದೊಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಬೇಕಾದಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದಳಂತೆ. ಎಂಥ ದಿಟ್ಟತನ! ಅಕ್ಕಿಗಾಗಿ ಬಾಗುವುದಕ್ಕೆ ಆಕೆಯ ಆಕ್ಷೇಪವಿರಲಿಲ್ಲ. ತಡೆದದ್ದು ಹೆಚ್ಚಿನ ಆಸೆಯನ್ನು.

ಹಾಗಾಗಿ ಸಂಕೋಚವಿಲ್ಲದೆ ಕೇಳುತ್ತೇನೆ. ಆದರೆ ಮಿಕ್ಕದ್ದಕ್ಕೆ ಆಸೆಪಡದೆ, ಮದುವೆ ಸೀಸನ್ನಿನಲ್ಲಿ ಕೈಮೀರಿದ ಪತ್ರಿಕೆಗಳನ್ನು ಊರಿನ ಇನ್ನೊಬ್ಬ ಹುಡುಗನಿಗೆ ದಾಟಿಸುತ್ತೇನೆ. ಅವನೂ ತನಗೆ ಹೆಚ್ಚಾದದ್ದನ್ನು ಇತ್ತ ಕಳಿಸುತ್ತಾನೆ; ನನ್ನ ಕಾಯಂ ಗಿರಾಕಿಗಳಲ್ಲಿ ಹಲವರು ಬಂದದ್ದು ಹಾಗೆಯೇ.